ಯುದ್ಧವಿಮಾನದ ಸಂತೆ: ವಿಮಾನ ನಮ್ಮದು, ಎಂಜಿನ್ ಅವರದು, ಚಿಕ್ಕೋಡಿ ಭಾಗಕ್ಕೆ ಇದರಲ್ಲೇನು?

ಯಡೂರು: 2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ಯುದ್ಧವಿಮಾನ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಪ್ರಾಣ ಕಳೆದುಕೊಂಡರು. ಆ ವಿಡಿಯೊ ಅವತ್ತೇ ದೇಶದ ತುಂಬ ಎಲ್ಲರ ಮೊಬೈಲಿಗೆ ಬಂತು. ಒಬ್ಬ ಪೈಲಟ್ ಹೋದ ದುಃಖದ ಜೊತೆಗೆ ಇನ್ನೊಂದು ಮಾತೂ ಚರ್ಚೆಗೆ ಬಂತು: ಇನ್ನು ನಮ್ಮ ತೇಜಸ್ ಅನ್ನು ಹೊರದೇಶದವರು ಕೊಳ್ಳುತ್ತಾರಾ?

ಆ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ದುಬೈ, ಪ್ಯಾರಿಸ್, ಬೆಂಗಳೂರಿನ ಯಲಹಂಕದಲ್ಲಿ ನಡೆಯುವ ಇಂಥ ಪ್ರದರ್ಶನಗಳು ನೋಡುವವರಿಗೆ ಜಾತ್ರೆ, ಮಾರುವವರಿಗೆ ಸಂತೆ. ಆಕಾಶದಲ್ಲಿ ವಿಮಾನ ಲಾಗ ಹಾಕುತ್ತಿದ್ದರೆ ಕೆಳಗೆ ಹವಾನಿಯಂತ್ರಿತ ಕೋಣೆಯಲ್ಲಿ ಸಾವಿರಾರು ಕೋಟಿಯ ಮಾತುಕತೆ ನಡೆದಿರುತ್ತದೆ. ಅದರ ಒಂದು ಎಳೆ ಬೆಂಗಳೂರಿಗೆ ಬರುತ್ತದೆ. ಇನ್ನೊಂದು ಸಣ್ಣ ಎಳೆ ನಿಪ್ಪಾಣಿ–ಬೆಳಗಾವಿ ಹೆದ್ದಾರಿಯ ಪಕ್ಕದ ಹತ್ತರಗಿವರೆಗೂ ಬರಬಹುದು. ಅದು ಬರುತ್ತದೋ ಇಲ್ಲವೋ ಅನ್ನುವುದು ಐಟಿಐ, ಡಿಪ್ಲೊಮಾ ಮುಗಿಸಿ ಕೂತಿರುವ ನಮ್ಮ ಭಾಗದ ಹುಡುಗರಿಗೆ ಸಂಬಂಧಿಸಿದ ವಿಷಯ.

ಸಂತೆಯಲ್ಲಿ ಕೂತವರು ಯಾರು ಯಾರು?

ಅಮೆರಿಕ ಎಫ್-16, ಎಫ್-35 ಇಟ್ಟುಕೊಂಡು ಕೂತಿದೆ. ಫ್ರಾನ್ಸಿನ ದಸ್ಸೋ ಕಂಪನಿಯದು ರಫೇಲ್. ಬ್ರಿಟನ್, ಜರ್ಮನಿ, ಇಟಲಿ, ಸ್ಪೇನ್ ನಾಲ್ಕೂ ಕೂಡಿ ಮಾಡುವುದು ಯೂರೋಫೈಟರ್ ಟೈಫೂನ್. ಸ್ವೀಡನ್ ಗ್ರಿಪೆನ್ ಮಾರುತ್ತದೆ, ರಷ್ಯಾ ಸುಖೋಯ್ ಮತ್ತು ಮಿಗ್ ಮಾರುತ್ತದೆ. ಚೀನಾ ತನ್ನ ಜೆ-10 ಜೊತೆಗೆ ಪಾಕಿಸ್ತಾನದ ಜೊತೆ ಸೇರಿ ಮಾಡಿದ ಜೆಎಫ್-17 ಅನ್ನೂ ಮಾರುಕಟ್ಟೆಗೆ ಬಿಟ್ಟಿದೆ. ಇತ್ತೀಚೆಗೆ ದಕ್ಷಿಣ ಕೊರಿಯಾ, ಟರ್ಕಿ ಕೂಡ ಅಂಗಡಿ ತೆರೆದಿವೆ. ಭಾರತದ ಕೈಯಲ್ಲಿರುವ ಮಾಲು ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ತೇಜಸ್.

ಭಾರತ ಇಲ್ಲಿ ಮಾರುವವನೂ ಹೌದು, ಕೊಳ್ಳುವವನೂ ಹೌದು. ಕೊಳ್ಳುವವನಾಗಿ ಬಹಳ ದೊಡ್ಡ ಗಿರಾಕಿ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿದ ಮೇಲೆ ವಾಯುಪಡೆಯಲ್ಲಿ ಉಳಿದದ್ದು 29 ಸ್ಕ್ವಾಡ್ರನ್. ಮಂಜೂರಾದ ಸಂಖ್ಯೆ 42. ಇಷ್ಟು ದೊಡ್ಡ ಕೊರತೆ ಇರುವ ಗಿರಾಕಿ ಕಂಡರೆ ಯಾವ ವ್ಯಾಪಾರಿ ಸುಮ್ಮನೆ ಕೂರುತ್ತಾನೆ? 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅಮೆರಿಕದ ಎಫ್-35 ಮತ್ತು ರಷ್ಯಾದ ಸು-57 ಎರಡೂ ಬಂದು ನಿಂತಿದ್ದವು. ಪ್ರದರ್ಶನ ಮುಗಿಯುವ ಮೊದಲೇ, ಫೆಬ್ರವರಿ 13ರಂದು, ವಾಷಿಂಗ್ಟನ್‌ನಲ್ಲಿ ಪ್ರಧಾನಿ ಮೋದಿ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅಧ್ಯಕ್ಷ ಟ್ರಂಪ್, ಮುಂದೆ ಭಾರತಕ್ಕೆ ಎಫ್-35 ಕೊಡುವ ದಾರಿ ತೆರೆಯುತ್ತೇವೆ ಎಂದರು. ಇಂಥ ಮಾಲಿಗೆ ದೇಶದ ಅಧ್ಯಕ್ಷರೇ ಸೇಲ್ಸ್‌ಮನ್.

ಮಾರುವುದು ಬರೀ ವಿಮಾನ ಅಲ್ಲ

ಟ್ರ್ಯಾಕ್ಟರ್ ಶೋರೂಮ್ ಇಟ್ಟವರಿಗೆ, ಪಂಪ್‌ಸೆಟ್ ಮಾರುವವರಿಗೆ ಒಂದು ಮಾತು ಗೊತ್ತು. ಮಾರಿದ ದಿನದ ಲಾಭ ಸಣ್ಣದು. ಆಮೇಲೆ ಹತ್ತು ಹದಿನೈದು ವರ್ಷ ಬರುವ ಸ್ಪೇರ್ ಪಾರ್ಟ್ಸ್, ಸರ್ವಿಸಿಂಗ್ ಲಾಭ ದೊಡ್ಡದು. ಯುದ್ಧವಿಮಾನದ್ದೂ ಅದೇ ಲೆಕ್ಕ, ಆದರೆ ಇಲ್ಲಿ ನಂಟು 30–40 ವರ್ಷದ್ದು. ಬಿಡಿಭಾಗ, ಕ್ಷಿಪಣಿ, ಪೈಲಟ್ ತರಬೇತಿ, ಸಾಫ್ಟ್‌ವೇರ್ ಎಲ್ಲಕ್ಕೂ ಮಾರಿದವನ ಬಾಗಿಲಿಗೇ ಹೋಗಬೇಕು. ಮಾರಿದವನು ಮುನಿಸಿಕೊಂಡರೆ ಕೋಟಿಗಟ್ಟಲೆ ಬೆಲೆಯ ವಿಮಾನ ಶೆಡ್‌ನಲ್ಲೇ ನಿಲ್ಲುತ್ತದೆ.

ಅದಕ್ಕೇ ಈ ವ್ಯಾಪಾರದಲ್ಲಿ ರಾಜಕಾರಣ ಕೂಡಿಕೊಂಡಿರುತ್ತದೆ. ಕೆಲವು ಉದಾಹರಣೆ ನೋಡಿ.

ಬ್ರೆಜಿಲ್ 2013ರ ಡಿಸೆಂಬರ್‌ನಲ್ಲಿ ಅಮೆರಿಕದ ಬೋಯಿಂಗ್ ಮತ್ತು ಫ್ರಾನ್ಸಿನ ರಫೇಲ್ ಎರಡನ್ನೂ ಬಿಟ್ಟು ಸ್ವೀಡನ್ನಿನ ಗ್ರಿಪೆನ್ ಆರಿಸಿತು. ಅದೇ ವರ್ಷ ಅಮೆರಿಕದ ಗುಪ್ತಚರ ಸಂಸ್ಥೆ ಬ್ರೆಜಿಲ್ ಅಧ್ಯಕ್ಷೆ ದಿಲ್ಮಾ ರೂಸೆಫ್ ಅವರ ಮೇಲೆ ಕಣ್ಣಿಟ್ಟಿದ್ದ ಸುದ್ದಿ ಹೊರಬಿದ್ದಿತ್ತು. ಬೋಯಿಂಗ್‌ಗೆ ಅದು ದುಬಾರಿಯಾಯಿತು ಎಂಬ ಮಾತು ಆಗಲೇ ಕೇಳಿಬಂದಿತ್ತು.

ಟರ್ಕಿ ಎಫ್-35 ಯೋಜನೆಯಲ್ಲಿ ಪಾಲುದಾರ ದೇಶವಾಗಿತ್ತು, ಅದರ ಬಿಡಿಭಾಗಗಳನ್ನೂ ತಯಾರಿಸುತ್ತಿತ್ತು. ರಷ್ಯಾದಿಂದ ಎಸ್-400 ಕ್ಷಿಪಣಿ ತಡೆ ವ್ಯವಸ್ಥೆ ಕೊಂಡಿತು ಎಂಬ ಕಾರಣಕ್ಕೆ 2019ರಲ್ಲಿ ಅಮೆರಿಕ ಅದನ್ನು ಯೋಜನೆಯಿಂದಲೇ ಹೊರಗೆ ಹಾಕಿತು.

ಸ್ವಿಟ್ಜರ್ಲೆಂಡ್ ಕಥೆ ಅಂಗಡಿಕಾರರಿಗೆ ಬೇಗ ತಿಳಿಯುತ್ತದೆ. 2014ರಲ್ಲಿ ಅಲ್ಲಿ ಜನಮತ ನಡೆದು, ಗ್ರಿಪೆನ್ ಖರೀದಿಯನ್ನು ಮತದಾರರೇ ತಿರಸ್ಕರಿಸಿದರು. ಆಮೇಲೆ ಸರ್ಕಾರ 36 ಎಫ್-35 ವಿಮಾನಗಳನ್ನು ಆರಿಸಿತು. ಬೆಲೆ ನಿಗದಿ ಆಗಿದೆ, ಮತ್ತೆ ಏರುವುದಿಲ್ಲ ಅಂತ ಸ್ವಿಸ್ ಸರ್ಕಾರ ತನ್ನ ಜನರಿಗೆ ಹೇಳಿತ್ತು. 2025ರಲ್ಲಿ ಅಮೆರಿಕದವರು, ಅದು ನಿಮ್ಮ ತಪ್ಪು ತಿಳಿವಳಿಕೆ, ಖರ್ಚು ಹೆಚ್ಚಾದರೆ ನೀವೇ ಕೊಡಬೇಕು ಎಂದರು. ಶ್ರೀಮಂತ ದೇಶಕ್ಕೇ ಕೊಟೇಶನ್ ಒಂದು, ಬಿಲ್ ಇನ್ನೊಂದು!

ರೊಕ್ಕದ ಬದಲು ಮಾಲು ಕೊಡುವ ಪದ್ಧತಿಯೂ ಈ ಸಂತೆಯಲ್ಲಿದೆ. 2003ರಲ್ಲಿ ಮಲೇಷ್ಯಾ ರಷ್ಯಾದಿಂದ 18 ಸುಖೋಯ್ ಕೊಳ್ಳುವಾಗ ಬೆಲೆಯ ಒಂದು ಪಾಲನ್ನು ತಾಳೆ ಎಣ್ಣೆಯಲ್ಲಿ ತೀರಿಸುವ ಒಪ್ಪಂದವಾಗಿತ್ತು. ನಮ್ಮ ಕಿರಾಣಿ ಅಂಗಡಿಯಲ್ಲಿ ಪಾಕೆಟ್ ಲೆಕ್ಕದಲ್ಲಿ ಮಾರುವ ಅದೇ ಪಾಮ್ ಎಣ್ಣೆ. 2017ರಲ್ಲಿ ಇಂಡೋನೇಷ್ಯಾ ಕೂಡ 11 ಸು-35 ವಿಮಾನಗಳ ಅರ್ಧ ಬೆಲೆಯನ್ನು ಕಾಫಿ, ರಬ್ಬರ್, ತಾಳೆ ಎಣ್ಣೆಯಂಥ ಮಾಲಿನಲ್ಲಿ ಕೊಡಲು ಹೊರಟಿತ್ತು. ರಷ್ಯಾ ಜೊತೆ ವ್ಯವಹಾರ ಮಾಡಿದರೆ ಅಮೆರಿಕದ ನಿರ್ಬಂಧ ಬೀಳುವ ಭಯ ಇತ್ತು, ಆ ಖರೀದಿ ಕೈಬಿಟ್ಟುಹೋಯಿತು. 2022ರಲ್ಲಿ ಅದೇ ಇಂಡೋನೇಷ್ಯಾ 42 ರಫೇಲ್‌ಗೆ ಸಹಿ ಹಾಕಿತು.

ಬೆಂಗಳೂರಿನ ಕೈ ತಪ್ಪಿದ 108

ನಮ್ಮ ರಾಜ್ಯಕ್ಕೆ ಈ ಪೈಪೋಟಿಯ ಬಿಸಿ ನೇರವಾಗಿ ತಟ್ಟಿದ್ದು 2007ರ ದೊಡ್ಡ ಟೆಂಡರ್‌ನಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ಭಾರತ 126 ಯುದ್ಧವಿಮಾನಗಳಿಗೆ ಟೆಂಡರ್ ಕರೆಯಿತು. ಆರು ಕಂಪನಿಗಳು ಬಂದವು: ಅಮೆರಿಕದಿಂದ ಎರಡು, ಫ್ರಾನ್ಸ್, ಯುರೋಪಿನ ನಾಲ್ಕು ದೇಶಗಳ ಕೂಟ, ರಷ್ಯಾ, ಸ್ವೀಡನ್. ಬೆಂಗಳೂರಿನ ಹವೆ, ಜೈಸಲ್ಮೇರಿನ ಬಿಸಿಲು, ಲೇಹದ ಚಳಿ ಮೂರರಲ್ಲೂ ಪರೀಕ್ಷೆ ನಡೆದವು. 2011ರ ಏಪ್ರಿಲ್‌ನಲ್ಲಿ ರಫೇಲ್ ಮತ್ತು ಟೈಫೂನ್ ಎರಡೇ ಕಣದಲ್ಲಿ ಉಳಿದವು. 2012ರ ಜನವರಿಯಲ್ಲಿ ಕಡಿಮೆ ಬೆಲೆಯ ಲೆಕ್ಕದಲ್ಲಿ ರಫೇಲ್ ಗೆದ್ದಿತು.

ಷರತ್ತು ಏನಿತ್ತೆಂದರೆ, 18 ವಿಮಾನ ಫ್ರಾನ್ಸಿನಿಂದ ಸಿದ್ಧವಾಗಿ ಬರಬೇಕು, ಉಳಿದ 108 ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಬೇಕು. ಆದರೆ ಬೆಂಗಳೂರಿನಲ್ಲಿ ತಯಾರಾದ ವಿಮಾನಗಳಿಗೆ ಗ್ಯಾರಂಟಿ ಕೊಡುವವರು ಯಾರು, ತಯಾರಿಕೆಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬ ಲೆಕ್ಕದಲ್ಲಿ ಮಾತು ಮುಂದೆ ಹೋಗಲಿಲ್ಲ. ಮೂರು ವರ್ಷ ಜಗ್ಗಾಡಿ 2015ರಲ್ಲಿ ಟೆಂಡರ್ ರದ್ದಾಯಿತು. ಅದರ ಬದಲು ಎರಡು ಸರ್ಕಾರಗಳ ನಡುವೆ ನೇರ ಒಪ್ಪಂದವಾಗಿ, 2016ರ ಸೆಪ್ಟೆಂಬರ್ 23ರಂದು 36 ರಫೇಲ್‌ಗೆ ಸುಮಾರು 7.87 ಬಿಲಿಯನ್ ಯೂರೋಗೆ ಸಹಿ ಬಿತ್ತು. ಎಲ್ಲವೂ ಫ್ರಾನ್ಸಿನಲ್ಲೇ ತಯಾರಾದವು. ಅದರ ಮೇಲೆ ನಡೆದ ರಾಜಕೀಯ ಜಗಳ, 2018ರ ಸುಪ್ರೀಂ ಕೋರ್ಟ್ ತೀರ್ಪು ಎಲ್ಲರಿಗೂ ನೆನಪಿದೆ. ಪಕ್ಷದ ಜಗಳ ಏನೇ ಇರಲಿ, ಕರ್ನಾಟಕದ ಲೆಕ್ಕದಲ್ಲಿ ಉಳಿದ ಸಂಗತಿ ಒಂದೇ: 108 ವಿಮಾನಗಳ ಕೆಲಸ ಇಲ್ಲಿಗೆ ಬರಲಿಲ್ಲ. ಅವು ಬಂದಿದ್ದರೆ ಬೋಲ್ಟು, ಬ್ರಾಕೆಟ್ಟು, ಪೈಪು ಮಾಡುವ ನೂರಾರು ಸಣ್ಣ ವರ್ಕ್‌ಶಾಪ್‌ಗಳಿಗೂ ಆರ್ಡರ್ ಹರಿಯುತ್ತಿತ್ತು.

ತೇಜಸ್ ಯಾಕೆ ಮಾರಾಟವಾಗಿಲ್ಲ?

ತೇಜಸ್ ಮೊದಲು ಹಾರಿದ್ದು 2001ರ ಜನವರಿ 4ರಂದು, ಬೆಂಗಳೂರಿನಲ್ಲಿ. ನಮ್ಮ ವಾಯುಪಡೆಯೇ ಅದರ ಗಟ್ಟಿ ಗಿರಾಕಿ. 2021ರ ಫೆಬ್ರವರಿಯಲ್ಲಿ 83 ಮಾರ್ಕ್-1ಎ ವಿಮಾನಗಳಿಗೆ ಸುಮಾರು 48 ಸಾವಿರ ಕೋಟಿ ರೂಪಾಯಿಯ ಆರ್ಡರ್ ಸಿಕ್ಕಿತು. 2025ರ ಸೆಪ್ಟೆಂಬರ್ 25ರಂದು ಮತ್ತೆ 97 ವಿಮಾನಗಳಿಗೆ 62,370 ಕೋಟಿ ರೂಪಾಯಿ, ಅದೂ ತೆರಿಗೆ ಬಿಟ್ಟು. ಜೊತೆಗೆ ಬರುವ ಉಪಕರಣಗಳನ್ನೂ ಸೇರಿಸಿ ಭಾಗಿಸಿದರೆ ಒಂದಕ್ಕೆ ಸರಾಸರಿ 640 ಕೋಟಿಯ ಮೇಲೆ.

ಹೊರದೇಶದ ಗಿರಾಕಿ ಮಾತ್ರ ಇನ್ನೂ ಒಬ್ಬರೂ ಸಿಕ್ಕಿಲ್ಲ. ಮಲೇಷ್ಯಾ 18 ಹಗುರ ಯುದ್ಧವಿಮಾನ ಕೊಳ್ಳಲು ಹೊರಟಾಗ ತೇಜಸ್ ಕಣದಲ್ಲಿತ್ತು. 2023ರಲ್ಲಿ ಆರ್ಡರ್ ದಕ್ಷಿಣ ಕೊರಿಯಾದ ಎಫ್‌ಎ-50 ಪಾಲಾಯಿತು, ಸುಮಾರು 920 ಮಿಲಿಯನ್ ಡಾಲರ್‌ಗೆ. ಅರ್ಜೆಂಟೀನಾ ಕೂಡ ತೇಜಸ್ ಬಗ್ಗೆ ವಿಚಾರಿಸಿತು. ಅಲ್ಲಿ ಬಂದ ಅಡ್ಡಿ ವಿಚಿತ್ರವಾದದ್ದು. ಅಪಾಯದಲ್ಲಿ ಪೈಲಟ್‌ನನ್ನು ಹೊರಗೆ ಚಿಮ್ಮಿಸುವ ಸೀಟು ಸೇರಿದಂತೆ ತೇಜಸ್‌ನ ಕೆಲವು ಭಾಗ ಬ್ರಿಟನ್ನಿನವು. 1982ರ ಫಾಕ್‌ಲ್ಯಾಂಡ್ಸ್ ಯುದ್ಧದ ನಂತರ ಅರ್ಜೆಂಟೀನಾಕ್ಕೆ ಆಯುಧ ಹೋಗುವುದನ್ನು ಬ್ರಿಟನ್ ತಡೆಯುತ್ತಲೇ ಬಂದಿದೆ. ವಿಮಾನ ನಮ್ಮದಾದರೂ ಸೀಟು ಅವರದು, ಹಂಗಾಗಿ ಅಪ್ಪಣೆಯೂ ಅವರದೇ. ಇದೇ ಬ್ರಿಟಿಷ್ ಭಾಗಗಳ ಕಾರಣಕ್ಕೆ 2020ರಲ್ಲಿ ಕೊರಿಯಾದವರೂ ಅಲ್ಲಿ ಎಡವಿದ್ದರು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಅರ್ಜೆಂಟೀನಾ ಡೆನ್ಮಾರ್ಕ್ ಬಳಸಿದ 24 ಹಳೆಯ ಎಫ್-16 ಕೊಂಡಿತು. ಸೆಕೆಂಡ್ ಹ್ಯಾಂಡ್ ಮಾಲು, ಆದರೆ ಅಮೆರಿಕದ ಒಪ್ಪಿಗೆ ಇತ್ತು.

ತೇಜಸ್‌ನ ಎಂಜಿನ್ ಕೂಡ ಅಮೆರಿಕದ ಜಿಇ ಕಂಪನಿಯ ಎಫ್-404. ಬೇರೆ ದೇಶಕ್ಕೆ ಮಾರಬೇಕೆಂದರೆ ಅಮೆರಿಕದ ಲೈಸೆನ್ಸ್ ಬೇಕು. ಹಂಗಂತ ಎಲ್ಲ ತಪ್ಪನ್ನೂ ಎಂಜಿನ್ ಮೇಲೆ ಹೊರಿಸುವ ಹಾಗಿಲ್ಲ. ಕೊರಿಯಾದ ಎಫ್‌ಎ-50 ಒಳಗೂ ಇರುವುದು ಅದೇ ಎಫ್-404 ಕುಟುಂಬದ ಎಂಜಿನ್. ಆದರೂ ಕೊರಿಯಾ ಮಾರುತ್ತಿದೆ. ಪೋಲೆಂಡ್ 2022ರ ಸೆಪ್ಟೆಂಬರ್‌ನಲ್ಲಿ 48 ವಿಮಾನಕ್ಕೆ ಸಹಿ ಹಾಕಿತು, 2023 ಮುಗಿಯುವುದರೊಳಗೆ ಮೊದಲ 12 ವಿಮಾನ ಅಲ್ಲಿ ಇಳಿದವು. ಇತ್ತ 83ರ ಆರ್ಡರ್‌ನಲ್ಲಿ ಮೊದಲ ತೇಜಸ್ ಮಾರ್ಕ್-1ಎ ವಾಯುಪಡೆಗೆ 2024ರ ಮಾರ್ಚ್‌ನಲ್ಲಿ ಬರಬೇಕಿತ್ತು. 2025 ಮುಗಿದರೂ ಬರಲಿಲ್ಲ. 2021ರಲ್ಲಿ ಆರ್ಡರ್ ಕೊಟ್ಟ 99 ಎಂಜಿನ್‌ಗಳಲ್ಲಿ ಮೊದಲನೆಯದು ಕೈಗೆ ಸಿಕ್ಕಿದ್ದೇ 2025ರ ಮಾರ್ಚ್‌ನಲ್ಲಿ. ವಿಮಾನದ ಒಳಗಿನ ವ್ಯವಸ್ಥೆಗಳ ಪ್ರಮಾಣೀಕರಣವೂ ತಡವಾಯಿತು.

ಗಿರಾಕಿಯ ಲೆಕ್ಕ ಸರಳ: ಮನೆಯವರಿಗೇ ಹೇಳಿದ ದಿನಕ್ಕೆ ಮಾಲು ಕೊಡದವನು ಹೊರಗಿನವರಿಗೆ ಹೇಗೆ ಕೊಟ್ಟಾನು? ದುಬೈ ಅಪಘಾತಕ್ಕಿಂತ ಈ ಪ್ರಶ್ನೆ ತೇಜಸ್‌ನ ರಫ್ತಿಗೆ ಹೆಚ್ಚು ಭಾರ. ವಿಮಾನ ಬೀಳುವುದು ಎಲ್ಲ ದೇಶಗಳಿಗೂ ಗೊತ್ತಿರುವ ದುಃಖ. ಎಫ್-16 ಕೂಡ ಎಷ್ಟೋ ಬಿದ್ದಿವೆ, ಅದರ ಮಾರಾಟ ನಿಂತಿಲ್ಲ. ಆದರೆ ವಾಯಿದೆ ತಪ್ಪಿದವನ ಹೆಸರು ಸಂತೆಯಲ್ಲಿ ಬೇಗ ಕೆಡುತ್ತದೆ.

ಪೂರಾ ಕೈಚೆಲ್ಲಿ ಕೂರಬೇಕಾಗಿಯೂ ಇಲ್ಲ. ಇವತ್ತು ಬೇಡಿಕೆಯಲ್ಲಿರುವ ರಫೇಲ್ ಕೂಡ ಕೊರಿಯಾ, ಸಿಂಗಾಪುರ, ಮೊರಾಕ್ಕೊ ಹೀಗೆ ಒಂದಾದ ಮೇಲೊಂದು ಕಡೆ ಸೋತಿತ್ತು. ಅದಕ್ಕೆ ಮೊದಲ ವಿದೇಶಿ ಗಿರಾಕಿಯಾಗಿ ಈಜಿಪ್ಟ್ ಸಿಕ್ಕಿದ್ದು 2015ರಲ್ಲಿ. ಅಷ್ಟು ವರ್ಷ ಫ್ರಾನ್ಸಿನ ಸ್ವಂತ ಸೇನೆಯ ಆರ್ಡರ್‌ಗಳೇ ಕಾರ್ಖಾನೆಯನ್ನು ಉಳಿಸಿದವು.

ಎಂಜಿನ್ ಪಾಠ ಹಳೆಯದು

ಎಂಜಿನ್ ಇಲ್ಲದವನ ಪಾಡು ಏನು ಅನ್ನುವುದು ಬೆಂಗಳೂರಿಗೆ 60 ವರ್ಷದಿಂದ ಗೊತ್ತು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ಎಚ್‌ಎಎಲ್ ಮಾಡಿದ ಎಚ್‌ಎಫ್-24 ಮರುತ್ 1961ರ ಜೂನ್ 17ರಂದು ಹಾರಿತು. ವಿನ್ಯಾಸ ಒಳ್ಳೆಯದಿತ್ತು, ಆದರೆ ಅದಕ್ಕೆ ತಕ್ಕ ಶಕ್ತಿಯ ಎಂಜಿನ್ ಸಿಗಲಿಲ್ಲ. ಈಜಿಪ್ಟ್ ತಯಾರಿಸುತ್ತಿದ್ದ ಎಂಜಿನ್ ಕೂಡಿಸಿ ನೋಡುವ ಪ್ರಯತ್ನವೂ ನಡೆಯಿತು, ಫಲ ಕೊಡಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಎಂಜಿನ್‌ನಲ್ಲೇ ಮರುತ್ ತನ್ನ ಕಾಲ ಮುಗಿಸಿತು.

1978ರಲ್ಲಿ ಭಾರತ ದಾಳಿ ವಿಮಾನ ಹುಡುಕುತ್ತಿದ್ದಾಗ ಸ್ವೀಡನ್ನಿನ ವಿಗೆನ್ ಪಟ್ಟಿಯಲ್ಲಿತ್ತು. ವಿಮಾನ ಸ್ವೀಡನ್ನಿನದು, ಅದರ ಎಂಜಿನ್ ಮೂಲ ಅಮೆರಿಕದ್ದು. ಅಮೆರಿಕ ಬೇಡ ಅಂದಿತು, ಸ್ವೀಡನ್ ಮಾರಲಾಗಲಿಲ್ಲ. ಆ ಸಲ ಭಾರತ ಕೊಂಡದ್ದು ಜಾಗ್ವಾರ್. ಅಂದು ಕೊಳ್ಳುವವನಾಗಿ ಅನುಭವಿಸಿದ ತೊಂದರೆಯನ್ನೇ ಇಂದು ಮಾರುವವನಾಗಿ ಭಾರತ ಅನುಭವಿಸುತ್ತಿದೆ.

ಸ್ವಂತ ಎಂಜಿನ್‌ಗಾಗಿ ಬೆಂಗಳೂರಿನಲ್ಲಿ ಕಾವೇರಿ ಯೋಜನೆ ಶುರುವಾಗಿ ಮೂರೂವರೆ ದಶಕದ ಮೇಲಾಯಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಲಾಯಿತು. ಮುಂದಿನ ತೇಜಸ್ ಮಾರ್ಕ್-2ಕ್ಕೆ ಬೇಕಾದ ಎಫ್-414 ಎಂಜಿನ್ ಅನ್ನು ಇಲ್ಲೇ ತಯಾರಿಸಲು 2023ರ ಜೂನ್‌ನಲ್ಲಿ ಜಿಇ ಮತ್ತು ಎಚ್‌ಎಎಲ್ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಐದನೇ ತಲೆಮಾರಿನ ವಿಮಾನದ ಎಂಜಿನ್‌ಗೆ ಫ್ರಾನ್ಸಿನ ಸಫ್ರಾನ್ ಜೊತೆ ಕೈಜೋಡಿಸುವುದಾಗಿ 2025ರ ಆಗಸ್ಟ್‌ನಲ್ಲಿ ರಕ್ಷಣಾ ಸಚಿವರು ಹೇಳಿದರು. ಇಲ್ಲಿ ಕೇಳಬೇಕಾದ ಮಾತು: ಎಂಜಿನ್‌ನ ಬ್ಲೇಡು ಎರಕ ಹೊಯ್ಯುವ ಗುಟ್ಟು ನಮಗೆ ಸಿಗುತ್ತದಾ, ಇಲ್ಲಾ ಬಿಡಿಭಾಗ ತಂದು ಜೋಡಿಸುವುದಷ್ಟೇನಾ?

ಕಾಗದದ ಮಾತು, ಕೈಯಲ್ಲಿನ ರೊಕ್ಕ

ಹೊರಗಿನಿಂದ ಆಯುಧ ಕೊಳ್ಳುವಾಗ ಬೆಲೆಯ ಒಂದು ಪಾಲಿನಷ್ಟು ಕೆಲಸ ಅಥವಾ ತಂತ್ರಜ್ಞಾನವನ್ನು ಮಾರುವವನು ಭಾರತಕ್ಕೇ ಕೊಡಬೇಕು ಎಂಬ ನಿಯಮ 2005ರಿಂದ ಬಂತು. ಇದನ್ನು ಆಫ್‌ಸೆಟ್ ಅಂತಾರೆ. ಸಾಮಾನ್ಯವಾಗಿ 30 ಪರ್ಸೆಂಟ್, 36 ರಫೇಲ್ ಒಪ್ಪಂದದಲ್ಲಿ 50 ಪರ್ಸೆಂಟ್.

ಕೇಳಲಿಕ್ಕೆ ಚೆಂದ. ನಡೆದದ್ದು ಏನು? 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಸಿಎಜಿ ವರದಿ ಲೆಕ್ಕ ಬಿಚ್ಚಿಟ್ಟಿತು. 2005ರಿಂದ 2018ರ ಮಾರ್ಚ್‌ವರೆಗೆ 66,427 ಕೋಟಿ ರೂಪಾಯಿಯ 46 ಆಫ್‌ಸೆಟ್ ಒಪ್ಪಂದಗಳಾಗಿದ್ದವು. 2018ರ ಡಿಸೆಂಬರ್ ಹೊತ್ತಿಗೆ 19,223 ಕೋಟಿಯಷ್ಟು ಪೂರೈಸಬೇಕಿತ್ತು. ಕಂಪನಿಗಳು ಪೂರೈಸಿದ್ದೇವೆ ಎಂದದ್ದು 11,396 ಕೋಟಿ. ಅದರಲ್ಲೂ ಪರಿಶೀಲನೆಯಲ್ಲಿ ಒಪ್ಪಿತವಾದದ್ದು 5,457 ಕೋಟಿ ಮಾತ್ರ. ಕಾವೇರಿ ಎಂಜಿನ್‌ಗೆ ಬೇಕಾದ ನೆರವಿನ ವಿಷಯವನ್ನೂ ವರದಿ ಎತ್ತಿತ್ತು. ರಫೇಲ್ ಒಪ್ಪಂದದ ಮಾತುಕತೆ ವೇಳೆ ಫ್ರಾನ್ಸಿನವರು ತಂತ್ರಜ್ಞಾನ ಕೊಡುವ ಪ್ರಸ್ತಾವ ಇಟ್ಟಿದ್ದರು. ವರದಿ ಬರೆಯುವ ಹೊತ್ತಿಗೂ ಅದು ಖಚಿತವಾಗಿರಲಿಲ್ಲ.

ಕಬ್ಬು ಕಳಿಸಿದ 14 ದಿನದೊಳಗೆ ರೈತನಿಗೆ ರೊಕ್ಕ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆಚರಣೆಯಲ್ಲಿ ಅದು ಹೇಗೆ ಅನ್ನುವುದನ್ನು ಅಥಣಿ, ಕಾಗವಾಡ, ರಾಯಬಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಆಫ್‌ಸೆಟ್ ಕಥೆಯೂ ಬೇರೆಯಲ್ಲ. ನಿಯಮ ಬರೆಯುವುದು ಒಂದು, ವಸೂಲಿ ಮಾಡುವುದು ಇನ್ನೊಂದು. 2020ರ ಹೊಸ ಖರೀದಿ ನಿಯಮಾವಳಿಯಲ್ಲಿ ಸರ್ಕಾರ–ಸರ್ಕಾರದ ನಡುವಿನ ಒಪ್ಪಂದಗಳಿಗೆ ಆಫ್‌ಸೆಟ್ ಷರತ್ತನ್ನೇ ತೆಗೆಯಲಾಯಿತು. ಅಂದ್ರೆ ಮುಂದೆ ಇಲ್ಲಿಗೆ ಕೆಲಸ ಬರಬೇಕಾದರೆ ಅದನ್ನು ಆಯಾ ಒಪ್ಪಂದದಲ್ಲೇ ಕುದುರಿಸಿ ಬರೆಸಿಕೊಳ್ಳಬೇಕು.

ಹತ್ತರಗಿಗೆ, ಉದ್ಯಮಬಾಗಕ್ಕೆ ಏನು ಬರುತ್ತದೆ?

ಯಡೂರಿನಿಂದ ಚಿಕ್ಕೋಡಿ, ಸಂಕೇಶ್ವರ ದಾಟಿ ಬೆಳಗಾವಿ ದಾರಿ ಹಿಡಿದರೆ ಹುಕ್ಕೇರಿ ತಾಲ್ಲೂಕಿನ ಹತ್ತರಗಿ ಸಿಗುತ್ತದೆ. ಅಲ್ಲಿ ಸುಮಾರು 250 ಎಕರೆಯಲ್ಲಿ ಎಕಸ್ ಕಂಪನಿಯ ವಿಶೇಷ ಆರ್ಥಿಕ ವಲಯವಿದೆ. ಲೋಹ ಕೊರೆಯುವುದು, ಫೋರ್ಜಿಂಗ್, ಮೇಲ್ಮೈಗೆ ರಾಸಾಯನಿಕ ಲೇಪನ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತವೆ. ಒಂದು ತಪ್ಪು ತಿಳಿವಳಿಕೆ ಇಲ್ಲಿ ಸರಿಪಡಿಸಿಕೊಳ್ಳಬೇಕು. ಹತ್ತರಗಿಯಲ್ಲಿ ಮುಖ್ಯವಾಗಿ ತಯಾರಾಗುವುದು ಏರ್‌ಬಸ್, ಬೋಯಿಂಗ್‌ನಂಥ ಪ್ರಯಾಣಿಕ ವಿಮಾನಗಳ ಭಾಗಗಳು. ಯುದ್ಧವಿಮಾನದ ದೊಡ್ಡ ಆರ್ಡರ್ ಬಂತು ಎಂಬ ಸುದ್ದಿ ಕೇಳಿದ ಕೂಡಲೇ ನಾಳೆ ಹತ್ತರಗಿಯಲ್ಲಿ ನೇಮಕಾತಿ ಅಂತ ತಿಳಿಯುವುದು ಸರಿಯಲ್ಲ.

ತೇಜಸ್‌ನ ದೊಡ್ಡ ಭಾಗಗಳ ಕೆಲಸ ಈಗ ಎಲ್ಲಿ ನಡೆಯುತ್ತಿದೆ? ರೆಕ್ಕೆ ಕೊಯಮತ್ತೂರಿನ ಎಲ್ ಆ್ಯಂಡ್ ಟಿ ಘಟಕದಲ್ಲಿ, ನಡುವಿನ ದೇಹ ಹೈದರಾಬಾದಿನ ವೆಮ್ ಟೆಕ್ನಾಲಜೀಸ್‌ನಲ್ಲಿ, ಹಿಂಭಾಗ ಬೆಂಗಳೂರಿನ ಆಲ್ಫಾ ಟೊಕಾಲ್‌ನಲ್ಲಿ. 2025ರ ಅಕ್ಟೋಬರ್ 17ರಂದು ನಾಸಿಕ್‌ನ ಎಚ್‌ಎಎಲ್ ಘಟಕದಿಂದಲೂ ಮಾರ್ಕ್-1ಎ ಹಾರಿತು. ರಫೇಲ್‌ನ ದೇಹ ತಯಾರಿಸಲು ದಸ್ಸೋ 2025ರ ಜೂನ್‌ನಲ್ಲಿ ಟಾಟಾ ಜೊತೆ ಒಪ್ಪಂದ ಮಾಡಿಕೊಂಡದ್ದು ಹೈದರಾಬಾದಿಗೆ. ಅಂದ್ರೆ ದೇಶದೇಶಗಳ ಪೈಪೋಟಿ ಒಂದು ಕಡೆ ಇದ್ದರೆ, ಊರೂರುಗಳ ಪೈಪೋಟಿ ಇನ್ನೊಂದು ಕಡೆ. ಅದರಲ್ಲಿ ಹೈದರಾಬಾದ್, ಕೊಯಮತ್ತೂರು ಮುಂದಿವೆ. ಉತ್ತರ ಕರ್ನಾಟಕ ಇನ್ನೂ ಬಾಗಿಲ ಹತ್ತಿರ ನಿಂತಿದೆ.

97 ತೇಜಸ್‌ಗಳ ಒಪ್ಪಂದದ ವೇಳೆ ರಕ್ಷಣಾ ಸಚಿವಾಲಯ ಕೊಟ್ಟ ಮಾಹಿತಿ ಪ್ರಕಾರ ಬಿಡಿಭಾಗ ತಯಾರಿಸುವ ಸುಮಾರು 105 ಭಾರತೀಯ ಕಂಪನಿಗಳು ಇದರಲ್ಲಿವೆ. ಆರು ವರ್ಷ, ವರ್ಷಕ್ಕೆ ಸುಮಾರು 11,750 ಜನರಿಗೆ ನೇರ ಮತ್ತು ಪರೋಕ್ಷ ಕೆಲಸ ಎಂಬ ಅಂದಾಜು. ಇದರಲ್ಲಿ ಪಾಲು ಪಡೆಯಲು ಬೇಕಾದ ಕೈಗಳು ಈ ಭಾಗದಲ್ಲಿ ಇಲ್ಲವೆಂದಲ್ಲ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷೀನ್ ಶಾಪ್‌ಗಳಿಗೆ ದಶಕಗಳ ಅನುಭವವಿದೆ. ನಿಪ್ಪಾಣಿಯ ಆಚೆಗೆ ಕಾಗಲ, ಗೋಕುಳ ಶಿರಗಾಂವ, ಶಿರೋಲಿಯಲ್ಲಿ ಕೊಲ್ಲಾಪುರದ ಎರಕದ ಉದ್ಯಮವೇ ಇದೆ. ಚಿಕ್ಕೋಡಿ, ನಿಪ್ಪಾಣಿ ಕಡೆಯ ಹುಡುಗರು ಅಲ್ಲಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತಾರೆ. ಸಕ್ಕರೆ ಕಾರ್ಖಾನೆಗಳ ರೋಲರ್, ಶಾಫ್ಟ್ ರಿಪೇರಿ ಮಾಡುವ ಲೇತ್‌ಗಳು ತಾಲ್ಲೂಕು ಊರುಗಳಲ್ಲೂ ಇವೆ.

ಆದರೆ ಸಕ್ಕರೆ ಕಾರ್ಖಾನೆಯ ಶಾಫ್ಟ್‌ಗೂ ವಿಮಾನದ ಬ್ರಾಕೆಟ್‌ಗೂ ನಡುವೆ ದೊಡ್ಡ ಕಂದಕವಿದೆ, ಅದರ ಹೆಸರು ಕಾಗದಪತ್ರ. ವಿಮಾನದ ಭಾಗ ಮಾಡಬೇಕೆಂದರೆ ಎಎಸ್ 9100 ಗುಣಮಟ್ಟದ ಪ್ರಮಾಣಪತ್ರ ಬೇಕು. ಲೋಹ ಯಾವ ಕರಗುಮನೆಯಿಂದ ಬಂತು, ಯಾವ ಮಷೀನಿನಲ್ಲಿ ಯಾರು ಕೊರೆದರು ಎಂಬುದಕ್ಕೆಲ್ಲ ದಾಖಲೆ ಇರಬೇಕು. ಸೇನೆಯ ವಿಮಾನವಾದರೆ ಬೆಂಗಳೂರಿನ ಸೆಮಿಲ್ಯಾಕ್ ಒಪ್ಪಿಗೆಯೂ ಬೇಕು. ಇದಕ್ಕೆ ಬಂಡವಾಳ ಬೇಕು, ಎರಡು ಮೂರು ವರ್ಷದ ತಾಳ್ಮೆಯೂ ಬೇಕು. ಮೊದಲ ಆರ್ಡರ್ ಬರುವವರೆಗೆ ಬ್ಯಾಂಕಿನ ಬಡ್ಡಿ ಮಾತ್ರ ತಪ್ಪದೆ ಬರುತ್ತದೆ.

ಸಣ್ಣ ಉದ್ಯಮಿಗಳಿಗೆ ಎರಡು ದಾರಿ ಸದ್ಯಕ್ಕೆ ತೆರೆದಿವೆ. ಒಂದು, ರಕ್ಷಣಾ ಸಚಿವಾಲಯ 2020ರಲ್ಲಿ ಶುರುಮಾಡಿದ ಸೃಜನ್ ಪೋರ್ಟಲ್. ಹೊರದೇಶದಿಂದ ತರಿಸುತ್ತಿರುವ ಯಾವ ಯಾವ ಬಿಡಿಭಾಗ ಇಲ್ಲೇ ಮಾಡಬಹುದು ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಸೀಲು, ವಾಷರ್, ಫಿಟ್ಟಿಂಗ್‌ನಂಥ ಸಣ್ಣ ವಸ್ತುಗಳೂ ಅದರಲ್ಲಿವೆ. ಇನ್ನೊಂದು, ಮೊದಲೇ ಪ್ರಮಾಣಪತ್ರ ಇರುವ ದೊಡ್ಡ ಘಟಕದ ಕೈಕೆಳಗೆ ಜಾಬ್‌ವರ್ಕ್ ಹಿಡಿಯುವುದು. ಕಲಿಯಲಿಕ್ಕೆ ಇದು ಸುರಕ್ಷಿತ. ಬಿಲ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಉದ್ಯಮ ನೋಂದಣಿ ಇದ್ದರೆ ಮಾತ್ರ ಆ ಹಕ್ಕು ಕೇಳಬಹುದು.

ಗಮನಿಸಬೇಕಾದದ್ದು

ಮುಂದೆ ಟಿವಿಯಲ್ಲಿ ಇಂಥ ದೇಶದ ಇಷ್ಟು ವಿಮಾನ ಕೊಳ್ಳುತ್ತಾರಂತೆ ಎಂಬ ಸುದ್ದಿ ಬಂದಾಗ ವಿಮಾನದ ವೇಗ, ಅಂದಚೆಂದ ನೋಡಿ ಸುಮ್ಮನಾಗಬಾರದು. ರೊಕ್ಕ ನಮ್ಮದು. 2025–26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ, ಅದರಲ್ಲಿ ಹೊಸ ಆಯುಧ, ವಿಮಾನ, ಹಡಗಿನಂಥ ಬಂಡವಾಳ ವೆಚ್ಚಕ್ಕೆ 1.80 ಲಕ್ಷ ಕೋಟಿ. ಅಂಗಡಿಯಲ್ಲಿ ಸೋಪಿನ ಮೇಲೆ ಕಟ್ಟುವ ಜಿಎಸ್‌ಟಿಯೂ ಅದರಲ್ಲಿ ಸೇರಿದೆ.

ಹಂಗಾಗಿ ಮತ ಕೇಳಲು ಬರುವವರಿಗೆ, ಸಂಸತ್ತಿಗೆ ಹೋಗುವವರಿಗೆ ಕೇಳಬೇಕಾದ ಪ್ರಶ್ನೆ ಮೂರು. ಎಷ್ಟು ವಿಮಾನ ಇಲ್ಲಿ ತಯಾರಾಗುತ್ತವೆ, ತಡವಾದರೆ ದಂಡ ಯಾರು ಕೊಡುತ್ತಾರೆ? ಎಂಜಿನ್‌ನ ತಂತ್ರಜ್ಞಾನ ಬರುತ್ತದೋ, ಬರೀ ಜೋಡಣೆಯೋ? ಬಿಡಿಭಾಗದ ಕೆಲಸದಲ್ಲಿ ಬೆಳಗಾವಿ ಜಿಲ್ಲೆಯ ಘಟಕಗಳನ್ನು ಸೇರಿಸಲು, ಅವುಗಳ ಪ್ರಮಾಣಪತ್ರದ ಖರ್ಚಿಗೆ ನೆರವಾಗಲು ರಾಜ್ಯ ಸರ್ಕಾರ ಏನು ಮಾಡುತ್ತಿದೆ?

ಸಾಂಬ್ರಾದ ವಾಯುಪಡೆ ತರಬೇತಿ ಶಾಲೆಯಲ್ಲಿ ಪ್ರತಿ ವರ್ಷ ದೇಶದ ಮೂಲೆಮೂಲೆಯ ಹುಡುಗರು ಅಗ್ನಿವೀರರಾಗಿ ತಯಾರಾಗುತ್ತಾರೆ. ವಿಮಾನ ಹೇಳಿದ ದಿನಕ್ಕೆ ಬರದಿದ್ದರೆ, ಬಂದದ್ದು ಬಿಡಿಭಾಗಕ್ಕಾಗಿ ಕಾಯುತ್ತ ನಿಂತರೆ, ಅದರ ಮೊದಲ ಹೊರೆ ಬೀಳುವುದು ಅವರ ಮೇಲೆಯೇ. ಆಮೇಲೆ ಕೆಲಸಕ್ಕಾಗಿ ಪುಣೆ ಬಸ್ ಹತ್ತುವ ನಮ್ಮ ಹುಡುಗರ ಮೇಲೆ.